ಬ್ಲೇಡ್ ಕೊಳ್ಳುವ ಮೊದಲು ಬಾಗಿಲು ತೆಗೆದು ನೋಡಿ

ಹೋದ ವರ್ಷದ ಜನವರಿಯಲ್ಲಿ ಒಂದು ರಾತ್ರಿ ಮೂರು ಗಂಟೆಗೆ ಪಕ್ಕದ ಮನೆಯ ಅಜ್ಜಿಯಿಂದ ಫೋನ್ ಬಂತು. ಅಜ್ಜನಿಗೆ ಎದೆನೋವು, ಆಂಬ್ಯುಲೆನ್ಸ್‌ಗೆ ಹೇಳಿದ್ದೇನೆ, ನೀವೂ ಬನ್ನಿ ಅಂದರು. ನಾವಿಬ್ಬರೂ ಬೂಟು ಹಾಕಿಕೊಂಡು ಓಡಿದೆವು. ಓಡಿದೆವು ಅನ್ನುವುದು ಬಾಯಿಮಾತಿಗೆ. ತೊಡೆಯೆತ್ತರ ಹಿಮದಲ್ಲಿ ಓಡಲು ಆಗುವುದಿಲ್ಲ, ಕೆಸರುಗದ್ದೆಯಲ್ಲಿ ಕಾಲು ಕಿತ್ತಿಡುವ ಹಾಗೆ ಒಂದೊಂದೇ ಹೆಜ್ಜೆ ಇಡಬೇಕು.

ಆಂಬ್ಯುಲೆನ್ಸ್ ಬಂತು. ಆದರೆ ಟಾರ್ ರಸ್ತೆಯಲ್ಲೇ ನಿಂತಿತು. ರಸ್ತೆಯಿಂದ ನಮ್ಮ ಎರಡು ಮನೆಗಳಿಗೆ ಇರುವುದು ಒಂದೇ ಜಲ್ಲಿದಾರಿ, ಸುಮಾರು 60 ಮೀಟರ್ ಉದ್ದ. ಆ ರಾತ್ರಿ ದಾರಿಯೇ ಇರಲಿಲ್ಲ, ಬರೀ ಬಿಳಿ ಬಯಲು. ಬಂದವರು ಅಜ್ಜನನ್ನು ಪ್ಲಾಸ್ಟಿಕ್ ಸ್ಲೆಡ್ ಮೇಲೆ ಮಲಗಿಸಿ ಎಳೆದರು. ನಾವು ಮುಂದೆ ಮುಂದೆ ಸಲಿಕೆಯಲ್ಲಿ ಹಿಮ ಬಗೆದೆವು. 60 ಮೀಟರ್ ದಾಟಲು ಇಪ್ಪತ್ತು ನಿಮಿಷ ಹಿಡಿಯಿತು.

ಅಜ್ಜ ಉಳಿದುಕೊಂಡರು. ನೂರು ಮೈಲಿ ಆಚೆಯ ದೊಡ್ಡಾಸ್ಪತ್ರೆಯಲ್ಲಿ ಸ್ಟೆಂಟ್ ಹಾಕಿ ಕಳಿಸಿದರು. ಆದರೆ ಆ ಇಪ್ಪತ್ತು ನಿಮಿಷವನ್ನು ನಾವು ಮರೆಯಲು ಆಗಲಿಲ್ಲ.

ನಾವಿರುವುದು ಅಮೆರಿಕದ ಮಿಶಿಗನ್ ರಾಜ್ಯದ ಉತ್ತರದ ತುದಿಯಲ್ಲಿ. ಕೀವಿನಾ ಅನ್ನುವ ಮೂತಿಯಂಥ ನೆಲ, ಮೂರು ಕಡೆ ಸುಪೀರಿಯರ್ ಸರೋವರ. ಹತ್ತಿರದ ಪಟ್ಟಣ ಹೋಟನ್. ಅಲ್ಲಿ ಮಿಶಿಗನ್ ಟೆಕ್ ವಿಶ್ವವಿದ್ಯಾಲಯ ಇದೆ, ಕರ್ನಾಟಕದ ಹುಡುಗರೂ ಓದಲು ಬರುತ್ತಾರೆ. ಬಂದ ಮೊದಲ ವರ್ಷ ಎಲ್ಲರೂ ಹಿಮದ ಫೋಟೊ ತೆಗೆಯುತ್ತಾರೆ. ಎರಡನೇ ವರ್ಷ ಸಲಿಕೆ ಕೊಳ್ಳುತ್ತಾರೆ.

ಇಲ್ಲಿ ಇಷ್ಟು ಹಿಮ ಯಾಕೆ ಅಂದರೆ, ಕೆನಡಾ ಕಡೆಯಿಂದ ಬರುವ ಒಣ ಚಳಿಗಾಳಿ ಸರೋವರದ ಮೇಲೆ ಹಾಯುವಾಗ ನೀರಿನ ಪಸೆ ಹೀರಿಕೊಳ್ಳುತ್ತದೆ. ಈ ದಡದ ಗುಡ್ಡ ಏರುವಾಗ ಅದನ್ನೆಲ್ಲ ಹಿಮವಾಗಿ ಸುರಿಸುತ್ತದೆ. ಅರಬ್ಬೀ ಸಮುದ್ರದ ಗಾಳಿ ಘಟ್ಟ ಹತ್ತುವಾಗ ಆಗುಂಬೆಯಲ್ಲಿ ಮಳೆ ಸುರಿಸುತ್ತದಲ್ಲ, ಅದೇ ಲೆಕ್ಕ. 1978-79ರ ಚಳಿಗಾಲದಲ್ಲಿ ಕೀವಿನಾದಲ್ಲಿ ಒಟ್ಟು 390.4 ಇಂಚು ಹಿಮ ಬಿದ್ದಿತ್ತು, ಅಂದರೆ ಮೂವತ್ತೆರಡೂವರೆ ಅಡಿ. ಒಂದೇ ದಿನ ಅಲ್ಲ, ಇಡೀ ಸೀಸನ್ ಸೇರಿ. ಅದರ ನೆನಪಿಗೆ 41ನೇ ಹೆದ್ದಾರಿಯ ಪಕ್ಕ ದೊಡ್ಡ ಥರ್ಮಾಮೀಟರಿನಂಥ ಕಂಬವನ್ನೇ ನಿಲ್ಲಿಸಿದ್ದಾರೆ.

ದೊಡ್ಡ ರಸ್ತೆಯ ಹಿಮವನ್ನು ಸರ್ಕಾರದ ಲಾರಿಗಳು ತಳ್ಳುತ್ತವೆ. ಮನೆದಾರಿ ನಮ್ಮ ಪಾಡು. ಅದರ ಮೇಲೆ ಆ ಲಾರಿ ಹೋಗುವಾಗ ನಮ್ಮ ದಾರಿಯ ಬಾಯಿಗೆ ಸರಿಯಾಗಿ ಒಂದು ಬದು ಹಾಕಿ ಹೋಗುತ್ತದೆ. ಉಪ್ಪು ಮತ್ತು ಮಂಜುಗಡ್ಡೆ ಬೆರೆತ ಆ ಬದು ಸಲಿಕೆಗೆ ಬಗ್ಗುವುದಿಲ್ಲ. ಚಳಿಯಲ್ಲಿ ಹೀಗೆ ಹಿಮ ಎತ್ತುವಾಗ ಹೃದಯಾಘಾತ ಆಗುವುದು ಇಲ್ಲಿ ಹೊಸದಲ್ಲ, ವಯಸ್ಸಾದವರು ಸಲಿಕೆ ಹಿಡಿಯಬೇಡಿ ಅಂತ ವೈದ್ಯರು ಪ್ರತಿ ವರ್ಷ ಹೇಳುತ್ತಾರೆ. ನಮ್ಮ ಅಜ್ಜ ಹಿಂದಿನ ದಿನ ಸಂಜೆ ಮಾಡಿದ್ದು ಅದನ್ನೇ.

ಹಾಗಾದರೆ ಯಾರೂ ದಾರಿ ಬಿಡಿಸುತ್ತಿರಲಿಲ್ಲವೇ? ಬಿಡಿಸುತ್ತಿದ್ದರು. ಎರಡೂ ಮನೆ ಸೇರಿ ಒಬ್ಬ ಹುಡುಗನಿಗೆ ಸೀಸನ್ ಗುತ್ತಿಗೆ ಕೊಟ್ಟಿದ್ದೆವು. ಒಳ್ಳೆಯ ಹುಡುಗ, ಹೇಳಿದ ಮಾತಿಗೆ ತಪ್ಪಿದವನಲ್ಲ. ಅವನ ಹತ್ತಿರ ಇದ್ದದ್ದು ಸಣ್ಣ ಪಿಕಪ್. ಅದರ ಮುಂದೆ ದೊಡ್ಡ ಗಾಡಿಯಿಂದ ಬಿಚ್ಚಿದ ಹಳೆಯ ಎಂಟಡಿ ಬ್ಲೇಡ್ ಕಟ್ಟಿಕೊಂಡಿದ್ದ. ಆ ರಾತ್ರಿ ನಮ್ಮ ಮನೆಗೆ ಎರಡು ಮೈಲಿ ಇರುವಾಗ ಅವನ ಗಾಡಿಯ ಮುಂಚಕ್ರದ ಬಾಲ್ ಜಾಯಿಂಟ್ ಕಿತ್ತು, ಚಕ್ರ ಒಳಕ್ಕೆ ಮಡಚಿಕೊಂಡು ಬಿತ್ತು. ಅವನು ರಸ್ತೆಬದಿಯಲ್ಲಿ ಚಳಿಯಲ್ಲಿ ಕೂತಿದ್ದ. ಇಲ್ಲಿ ಅಜ್ಜ ಎದೆ ಹಿಡಿದುಕೊಂಡಿದ್ದರು.

ಮುಂದಿನ ಚಳಿಗಾಲಕ್ಕೆ ನಮ್ಮದೇ ಪಿಕಪ್‌ಗೆ ಬ್ಲೇಡ್ ಹಾಕಿಸೋಣ ಅಂತ ಆಗ ತೀರ್ಮಾನ ಮಾಡಿದೆವು.

ಇಂಗ್ಲಿಷಿನಲ್ಲಿ ಇದಕ್ಕೆ ಸ್ನೋ ಪ್ಲೋ ಅನ್ನುತ್ತಾರೆ. ಪ್ಲೋ ಅಂದರೆ ನೇಗಿಲು. ಆದರೆ ಇದು ಉಳುವುದಿಲ್ಲ, ತಳ್ಳುತ್ತದೆ. ನಮ್ಮೂರ ಟ್ರ್ಯಾಕ್ಟರಿಗೆ ಮುಂದೆ ಡೋಜರ್ ಬ್ಲೇಡ್ ಕಟ್ಟುತ್ತಾರಲ್ಲ, ಅದರ ತಮ್ಮ ಅಂದುಕೊಳ್ಳಿ. ಹೈಡ್ರಾಲಿಕ್‌ನಲ್ಲಿ ಏಳುತ್ತದೆ, ಇಳಿಯುತ್ತದೆ, ಎಡಕ್ಕೆ ಬಲಕ್ಕೆ ತಿರುಗುತ್ತದೆ. ಒಳಗೆ ಕೂತು ರಿಮೋಟಿನಂಥ ಗುಂಡಿ ಒತ್ತಿದರೆ ಸಾಕು.

ನಮ್ಮ ಪಿಕಪ್ ಇಲ್ಲಿಯವರು 'ಅರ್ಧ ಟನ್' ಅಂತ ಕರೆಯುವ ಜಾತಿ. ಫೋರ್ಡ್ ಎಫ್-150, ಶೆವ್ರೊಲೆ ಸಿಲ್ವರಾಡೊ 1500, ರಾಮ್ 1500 ಎಲ್ಲ ಈ ಗುಂಪಿನವು. ಹಿಂದೆ ಅರ್ಧ ಟನ್ ಹೊರುತ್ತಿದ್ದವು ಅಂತ ಬಂದ ಹೆಸರು, ಈಗ ಅದಕ್ಕಿಂತ ಹೆಚ್ಚು ಹೊರುತ್ತವೆ. ಹೆಸರು ಮಾತ್ರ ಉಳಿದಿದೆ. ಇವುಗಳ ಮೇಲೆ ಮುಕ್ಕಾಲು ಟನ್, ಒಂದು ಟನ್ ಗಾಡಿಗಳು ಬರುತ್ತವೆ. ಹಿಮ ತಳ್ಳುವುದನ್ನೇ ಕಸುಬು ಮಾಡಿಕೊಂಡವರು ಅವನ್ನು ಇಟ್ಟುಕೊಳ್ಳುತ್ತಾರೆ.

ಬೇಸಿಗೆಯಲ್ಲೇ ಹುಡುಕಾಟ ಶುರುಮಾಡಿದೆವು. ಹೊಸ ಹಗುರ ಬ್ಲೇಡಿಗೆ ಅಳವಡಿಕೆ ಸೇರಿ ಆರು ಸಾವಿರ ಡಾಲರ್ ಹೇಳಿದರು. ಎದೆ ಧಸಕ್ ಅಂತು. ಅದೇ ವಾರ ಒಬ್ಬರು ಎಂಟಡಿಯ ದಪ್ಪ ಉಕ್ಕಿನ ಹಳೆಯ ಬ್ಲೇಡನ್ನು 1,800 ಡಾಲರಿಗೆ ಕೊಡುತ್ತೇವೆ ಅಂದರು. ಹೋಗಿ ನೋಡಿದೆವು. ಗಟ್ಟಿಮುಟ್ಟಾಗಿತ್ತು, ಬಣ್ಣವೂ ಮಾಸಿರಲಿಲ್ಲ. 'ನಿಮ್ಮ ಗಾಡಿಗೆ ಆರಾಮಾಗಿ ಕೂರುತ್ತೆ, ಬೋಲ್ಟ್ ಹಾಕಿದರೆ ಮುಗೀತು' ಅಂದರು. ನೂರು ಡಾಲರ್ ಮುಂಗಡ ಕೊಡಲು ಪರ್ಸಿಗೆ ಕೈಹಾಕಿದವರು, ನಾಳೆ ಹೇಳುತ್ತೇವೆ ಅಂತ ವಾಪಸ್ ಬಂದೆವು.

ಆ ರಾತ್ರಿ ಅರಕಲಗೂಡು ಕಡೆಯ ನಮ್ಮೂರಿಗೆ ಫೋನ್ ಮಾಡಿದಾಗ ಅಪ್ಪನಿಗೆ ಇದನ್ನೆಲ್ಲ ಹೇಳಿದೆವು. ಅಪ್ಪ ಹಿಮ ನೋಡಿದವರಲ್ಲ. ಆದರೆ ಟ್ರ್ಯಾಕ್ಟರ್ ಸೀಟಿನ ಮೇಲೆ ಮೂವತ್ತು ವರ್ಷ ಕೂತವರು. ಬ್ಲೇಡ್ ಎಷ್ಟಗಲ, ಎಷ್ಟು ರೇಟು ಅಂತ ಏನೂ ಕೇಳಲಿಲ್ಲ.

'ಕೇಳ್ರಪ್ಪಾ ಇಲ್ಲಿ. ಅದ್ರ ಮೂತಿಗೆ ಎಷ್ಟು ಭಾರ ನೇತಾಕ್ತೀರಾ? ಮುಂದ್ಲ ಆಕ್ಸಲ್ ತಡೀತದಾ? ಅದನ್ನ ಯಾರನ್ನಾದ್ರೂ ಕೇಳಿದ್ರಾ?'

ಕೇಳಿರಲಿಲ್ಲ. ಪತ್ರಿಕೋದ್ಯಮದ ಕ್ಲಾಸಿನಲ್ಲಿ ಮಾರುವವನ ಮಾತನ್ನು ಇನ್ನೊಂದು ಕಡೆ ಪರೀಕ್ಷಿಸದೆ ಬರೆಯಬೇಡಿ ಅಂತ ಹೇಳಿಕೊಟ್ಟಿದ್ದರು. ಬರೆಯುವಾಗ ಆ ಪಾಠ ನೆನಪಿರುತ್ತದೆ, ಕೊಳ್ಳುವಾಗ ಮರೆತುಹೋಗುತ್ತದೆ.

ಮಾರನೇ ದಿನ ಬೆಳಿಗ್ಗೆ ಪಿಕಪ್ಪಿನ ಡ್ರೈವರ್ ಬಾಗಿಲು ತೆಗೆದೆವು. ಬಾಗಿಲ ಚೌಕಟ್ಟಿನಲ್ಲಿ ಒಂದು ಸ್ಟಿಕ್ಕರ್ ಇರುತ್ತದೆ. ಇಲ್ಲಿಯ ಕಾನೂನಿನ ಪ್ರಕಾರ ಪ್ರತಿ ಗಾಡಿಯಲ್ಲೂ ಇರಲೇಬೇಕು. ಗಾಡಿಯ ಒಟ್ಟು ತೂಕ ಎಷ್ಟು ಮೀರಬಾರದು, ಮುಂದಿನ ಆಕ್ಸಲ್ ಮೇಲೆ ಎಷ್ಟು, ಹಿಂದಿನದರ ಮೇಲೆ ಎಷ್ಟು ಅಂತ ಬೇರೆಬೇರೆಯಾಗಿ ಬರೆದಿರುತ್ತಾರೆ. ಮೂರು ವರ್ಷ ದಿನಾ ಆ ಬಾಗಿಲು ತೆಗೆದಿದ್ದೇವೆ, ಒಂದು ಸಲವೂ ಓದಿರಲಿಲ್ಲ.

ಇಲ್ಲಿ ಎಲ್ಲ ಪೌಂಡ್ ಲೆಕ್ಕ, ನಾವು ಕಿಲೋಗೆ ತಿರುಗಿಸಿ ಹೇಳುತ್ತೇವೆ. ನಮ್ಮ ಗಾಡಿಯ ಮುಂದಿನ ಆಕ್ಸಲ್ ಮಿತಿ 1,700 ಕೆಜಿ. ಆಮೇಲೆ ಟ್ಯಾಂಕ್ ತುಂಬಿಸಿ, ನಾವಿಬ್ಬರೂ ಕೂತು, ಜಲ್ಲಿ ಕ್ವಾರಿಯ ವೇಬ್ರಿಡ್ಜ್‌ಗೆ ಹೋದೆವು. ಮುಂದಿನ ಎರಡು ಚಕ್ರ ಮಾತ್ರ ತಟ್ಟೆಯ ಮೇಲೆ ನಿಲ್ಲಿಸಿ ತೂಗಿಸಿದೆವು. ಬಂದದ್ದು 1,430 ಕೆಜಿ. ಅಂದರೆ ಉಳಿದದ್ದು 270 ಕೆಜಿ.

ಹಳೆಯ ಬ್ಲೇಡ್ ತೂಕ 340 ಕೆಜಿ. ಇಲ್ಲಿಗೇ ಲೆಕ್ಕ ಮುಗಿಯಿತು ಅನ್ನಬಹುದು. ಆದರೆ ಇನ್ನೊಂದು ವಿಷಯ ಇದೆ, ಅದನ್ನು ಹೆಚ್ಚಿನವರು ಮರೆಯುತ್ತಾರೆ.

ಬ್ಲೇಡ್ ಮುಂದಿನ ಚಕ್ರದ ಮೇಲೆ ಕೂರುವುದಿಲ್ಲ. ಚಕ್ರಕ್ಕಿಂತ ನಾಲ್ಕಡಿ ಮುಂದೆ ನೇತಾಡುತ್ತದೆ. ಏತದ ಮರ ನೆನಪಿಸಿಕೊಳ್ಳಿ. ಒಂದು ತುದಿ ಕೆಳಗೆ ಹೋದರೆ ಇನ್ನೊಂದು ತುದಿ ಮೇಲೇಳುತ್ತದೆ. ಇಲ್ಲೂ ಹಾಗೆಯೇ, ಮುಂದಿನ ಆಕ್ಸಲ್ ಏತದ ಕಂಬ ಆಗುತ್ತದೆ. ಬ್ಲೇಡ್ ಗಾಡಿಯ ಹಿಂಭಾಗವನ್ನು ಎತ್ತುತ್ತದೆ, ಹಾಗೆ ಎತ್ತಿದ ಭಾರವೂ ಬಂದು ಮುಂದಿನ ಆಕ್ಸಲ್ ಮೇಲೆಯೇ ಕೂರುತ್ತದೆ.

ಎಷ್ಟು ಅಂತ ಕಂಡುಹಿಡಿಯುವುದು ಸುಲಭ. ನಮ್ಮ ಗಾಡಿಯ ಮುಂದಿನ ಮತ್ತು ಹಿಂದಿನ ಚಕ್ರದ ನಡುವಿನ ಅಂತರ 12 ಅಡಿ. ಬ್ಲೇಡ್ 4 ಅಡಿ ಮುಂದೆ. ನಾಲ್ಕು ಭಾಗಿಸು ಹನ್ನೆರಡು, ಮೂರನೇ ಒಂದು. ಅಂದರೆ ಬ್ಲೇಡಿನ ತೂಕದ ಜೊತೆಗೆ ಅದರ ಮೂರನೇ ಒಂದು ಭಾಗ ಹೆಚ್ಚುವರಿಯಾಗಿ ಮುಂದಿನ ಆಕ್ಸಲ್ ಹೊರಬೇಕು. 340 ಕೆಜಿ ಬ್ಲೇಡಿಗೆ 113 ಸೇರಿ 453 ಕೆಜಿ. ನಮ್ಮಲ್ಲಿ ಉಳಿದದ್ದು 270. ಇನ್ನೊಂದು ಕಡೆ ಹಿಂದಿನ ಚಕ್ರ 113 ಕೆಜಿ ಹಗುರಾಗಿ, ಮಂಜಿನ ಮೇಲೆ ಹಿಡಿತ ತಪ್ಪಿ ಜಾರುತ್ತದೆ.

ಆ ಹುಡುಗನ ಬಾಲ್ ಜಾಯಿಂಟ್ ಯಾಕೆ ಕಿತ್ತಿತು ಅಂತ ಆಗ ಅರ್ಥವಾಯಿತು. ಒಂದೇ ದಿನಕ್ಕೆ ಕೀಳುವುದಿಲ್ಲ. ಹೊಂಡ ಬಿದ್ದಾಗಲೆಲ್ಲ ಸ್ವಲ್ಪ ಸ್ವಲ್ಪ ಸವೆದು, ಬೇಡದ ರಾತ್ರಿಯಲ್ಲಿ ಕೈಕೊಡುತ್ತದೆ.

ಹಳೆಯ ಬ್ಲೇಡಿನವರಿಗೆ ಫೋನ್ ಮಾಡಿ ಬೇಡ ಅಂದೆವು. ಅವರಿಗೆ ಬೇಸರವಾಯಿತು. ನಮಗೂ 4,200 ಡಾಲರ್ ಹೆಚ್ಚು ಹುಡುಕಬೇಕಲ್ಲ ಅಂತ ಬೇಸರವೇ.

ಅರ್ಧ ಟನ್ ಗಾಡಿಗಳಿಗೆಂದೇ ಕಂಪನಿಗಳು ಹಗುರ ಬ್ಲೇಡ್ ಮಾಡುತ್ತವೆ. ವೆಸ್ಟರ್ನ್‌ನವರ ಎಚ್‌ಟಿಎಸ್, ಫಿಶರ್‌ನವರ ಎಚ್‌ಟಿ, ಬಾಸ್‌ನವರ ಎಚ್‌ಟಿಎಕ್ಸ್ ಇಂಥವು. ವೆಸ್ಟರ್ನ್ ವಿಸ್ಕಾನ್ಸಿನ್‌ನ ಮಿಲ್ವಾಕಿಯದು. ಬಾಸ್ ನಮ್ಮ ಪಕ್ಕದ್ದೇ, ಇದೇ ಉತ್ತರ ಮಿಶಿಗನ್ನಿನ ಐರನ್ ಮೌಂಟನ್ ಊರಿನದು. 2014ರಲ್ಲಿ ಟೋರೊ ಕಂಪನಿ ಅದನ್ನು ಕೊಂಡುಕೊಂಡಿತು. ಕಂಪನಿಗಳ ವೆಬ್‌ಸೈಟಿನಲ್ಲಿ ನಿಮ್ಮ ಗಾಡಿಯ ಮಾಡೆಲ್, ವರ್ಷ, ಎಂಜಿನ್ ಹಾಕಿದರೆ ಯಾವ ಬ್ಲೇಡ್ ಹೊಂದುತ್ತದೆ, ಹಿಂದೆ ಎಷ್ಟು ತೂಕ ಹೇರಬೇಕು ಅಂತ ಅದೇ ಹೇಳುತ್ತದೆ. ಇಷ್ಟು ಸುಲಭ ಅಂತ ಮೊದಲೇ ಗೊತ್ತಿರಲಿಲ್ಲ.

ನಮಗೆ ಹೊಂದಿದ ಬ್ಲೇಡ್ ಏಳೂವರೆ ಅಡಿಯದು, ತೂಕ 195 ಕೆಜಿ. ಮೂರನೇ ಒಂದು ಸೇರಿಸಿದರೆ 260. ಮಿತಿ 270. ಹತ್ತೇ ಕಿಲೋ ಅಂತರ, ಎದೆ ಢವಢವ. ಅದಕ್ಕೆ ಪರಿಹಾರ ಹಿಂದಿನ ಭಾರ. ತೊಟ್ಟಿಯಲ್ಲಿ ಹಿಂದಿನ ಆಕ್ಸಲ್‌ಗಿಂತ ಎರಡಡಿ ಹಿಂದಕ್ಕೆ 27 ಕೆಜಿಯ ಐದು ಮರಳಿನ ಚೀಲ ಇಟ್ಟು ಬಿಗಿಯಾಗಿ ಕಟ್ಟಿದೆವು. ಏತ ಈಗ ತಿರುಗುಮುರುಗು. 135 ಕೆಜಿ, ಎರಡು ಭಾಗಿಸು ಹನ್ನೆರಡು, ಮುಂದಿನ ಆಕ್ಸಲ್ ಮೇಲಿನಿಂದ ಸುಮಾರು 22 ಕೆಜಿ ಇಳಿಯಿತು. ಹಿಂದಿನ ಚಕ್ರಕ್ಕೆ ಹಿಡಿತವೂ ಬಂತು. ಚೀಲ ಹಿಂದಿನ ಚಕ್ರಕ್ಕಿಂತ ಮುಂದೆ, ಕ್ಯಾಬಿನ್ ಹತ್ತಿರ ಇಟ್ಟರೆ ಈ ಲಾಭ ಇಲ್ಲ, ಮುಂದಿನ ಭಾರ ಇನ್ನಷ್ಟು ಹೆಚ್ಚುತ್ತದೆ.

ಏಳೂವರೆ ಅಡಿಗಿಂತ ಸಣ್ಣದು ಯಾಕೆ ಬೇಡ ಅಂತಲೂ ಕೇಳಿಕೊಂಡೆವು. ಹಿಮ ಬದಿಗೆ ಹೋಗಬೇಕಾದರೆ ಬ್ಲೇಡನ್ನು ಓರೆಯಾಗಿ ತಿರುಗಿಸಬೇಕು. ಮೂವತ್ತು ಡಿಗ್ರಿ ಓರೆ ಮಾಡಿದರೆ ಏಳೂವರೆ ಅಡಿಯ ಬ್ಲೇಡ್ ಆರೂವರೆ ಅಡಿ ದಾರಿಯನ್ನಷ್ಟೇ ಬಿಡಿಸುತ್ತದೆ. ಗಾಡಿಯ ಅಗಲವೂ ಹೆಚ್ಚುಕಡಿಮೆ ಅಷ್ಟೇ. ಇನ್ನೂ ಸಣ್ಣದಾದರೆ ನಮ್ಮ ಚಕ್ರ ನಾವು ತಳ್ಳದ ಹಿಮದ ಮೇಲೆಯೇ ಹತ್ತುತ್ತದೆ.

ಇನ್ನು ದಾರಿ ಜಲ್ಲಿಯದು. ಬ್ಲೇಡ್ ನೆಲಕ್ಕೆ ತಾಗಿಸಿದರೆ ಹಿಮದ ಜೊತೆ ಜಲ್ಲಿಯನ್ನೂ ಹುಲ್ಲಿನ ಮೇಲೆ ತಳ್ಳುತ್ತದೆ. ಅದಕ್ಕೆ ಬ್ಲೇಡಿನ ಕೆಳಗೆ ಬಟ್ಟಲಿನಂಥ ಕಬ್ಬಿಣದ ಪಾದ ಹಾಕಿಸಿದೆವು, ಇಲ್ಲಿ ಅದಕ್ಕೆ ಶೂ ಅನ್ನುತ್ತಾರೆ. ಕಲ್ಲು ಎಡವಿದಾಗ ಮುರಿಯದಂತೆ ಬ್ಲೇಡಿಗೆ ಸ್ಪ್ರಿಂಗ್ ಇರುತ್ತದೆ. ಕೆಲವದರಲ್ಲಿ ಇಡೀ ಬ್ಲೇಡ್ ಮುಂದಕ್ಕೆ ಬಾಗುತ್ತದೆ, ಕೆಲವದರಲ್ಲಿ ಕೆಳಗಿನ ಅಂಚು ಮಾತ್ರ ಮಡಚುತ್ತದೆ. ಅಂಚು ಮಡಚುವಂಥದ್ದು ತಳ್ಳಿದ ಹಿಮ ಚೆಲ್ಲದೆ ಹಿಡಿದುಕೊಳ್ಳುತ್ತದೆ. ಇಡೀ ಬಾಗುವಂಥದ್ದಕ್ಕೆ ಅಂಚಿಗಿಂತ ಮೇಲೆ ಎದ್ದ ಕಲ್ಲು ತಾಗಿದರೂ ಚಿಂತೆಯಿಲ್ಲ. ನಮ್ಮ ದಾರಿಯಲ್ಲಿ ಚಳಿಗೆ ಕಲ್ಲು ಮೇಲೇಳುತ್ತವೆ. ನಾವು ಇಡೀ ಬಾಗುವುದನ್ನೇ ಆರಿಸಿದೆವು.

ಕೊನೆಗೆ ಮೂರು ಕಂಪನಿಯಲ್ಲಿ ಯಾವುದು ಅಂತ ಬಂದಾಗ ಬಣ್ಣ, ಹೆಸರು ನೋಡಲಿಲ್ಲ. ರಾತ್ರಿ ಹೈಡ್ರಾಲಿಕ್ ಪೈಪ್ ಒಡೆದರೆ ಬೆಳಿಗ್ಗೆ ಹತ್ತಿರದಲ್ಲಿ ಯಾರ ಅಂಗಡಿಯಲ್ಲಿ ಸಿಗುತ್ತದೆ ಅಂತ ಕೇಳಿ, ಆ ಅಂಗಡಿಯಲ್ಲಿ ಇದ್ದದ್ದನ್ನು ಕೊಂಡೆವು. ಟ್ರ್ಯಾಕ್ಟರ್ ಕೊಳ್ಳುವಾಗ ಅಪ್ಪ ಮಾಡಿದ್ದೂ ಇದನ್ನೇ.

ಆರು ಸಾವಿರ ಡಾಲರ್ ಎಲ್ಲಿಂದ ಬಂತು ಅಂದರೆ, ಡಿಸೆಂಬರಿನಲ್ಲಿ ಊರಿಗೆ ಬರಲು ಇಟ್ಟಿದ್ದ ಟಿಕೆಟ್ ದುಡ್ಡು ಅದಕ್ಕೇ ಹೋಯಿತು. ಅಪ್ಪನಿಗೆ ಹೇಳಲು ನಾಲ್ಕು ದಿನ ಧೈರ್ಯ ಬರಲಿಲ್ಲ. ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದರು. 'ಆ ಯಜಮಾನ್ರಿಗೂ ಮಕ್ಕಳು ದೂರ ಇರಬೇಕಲ್ವಾ?' ಅಂದರು. ಹೌದು, ಇಬ್ಬರು ಮಕ್ಕಳೂ ದೂರದ ಊರುಗಳಲ್ಲಿದ್ದಾರೆ ಅಂದೆವು. 'ಸರಿ ಬಿಡಿ, ಮುಂದಿನ ವರ್ಷ ಬನ್ನಿ' ಅಂದರು.

ಬಳಸುತ್ತಾ ಕಲಿತ ನಾಲ್ಕು ಮಾತು ಇಲ್ಲಿ ಬರೆದಿಡುತ್ತೇವೆ. ಈ ಕಡೆ ಕೆಲಸಕ್ಕೋ ಓದಿಗೋ ಬಂದಿರುವ ನಿಮ್ಮ ಮನೆ ಹುಡುಗರಿಗೆ ಕಳಿಸಿ.

ಮೊದಲ ಹಿಮವನ್ನು ದಾರಿಯಂಚಿನಿಂದ ಇನ್ನೂ ಆಚೆಗೆ ತಳ್ಳಿ. ನವೆಂಬರಿನಲ್ಲಿ ಅಂಚಿಗೇ ಬಿಟ್ಟ ಹಿಮ ಗಟ್ಟಿಯಾಗಿ ಗೋಡೆ ಕಟ್ಟುತ್ತದೆ, ಫೆಬ್ರವರಿಗೆ ದಾರಿ ಅರ್ಧಕ್ಕೆ ಕಿರಿದಾಗಿ ತಳ್ಳಲು ಜಾಗವೇ ಇರುವುದಿಲ್ಲ.

ಹಿಮ ಪೂರ್ತಿ ನಿಲ್ಲಲಿ ಅಂತ ಕಾಯಬೇಡಿ. ಹಗುರ ಬ್ಲೇಡಿಗೆ ಒಂದಡಿ ಒದ್ದೆ ಹಿಮ ಭಾರ. ನಾಲ್ಕೈದು ಇಂಚು ಬಿದ್ದಾಗಲೇ ಒಂದು ಸಲ ಹೋಗಿಬನ್ನಿ, ಮತ್ತೆ ಬಿದ್ದರೆ ಮತ್ತೆ ಹೋಗಿ. ಎರಡು ಸುತ್ತು ಹೆಚ್ಚಾಗುತ್ತದೆ, ಗಾಡಿ ಉಳಿಯುತ್ತದೆ.

ಹಿಮವನ್ನು ರಸ್ತೆಗೆ ತಳ್ಳಬೇಡಿ, ರಸ್ತೆ ದಾಟಿಸಿ ಆಚೆ ಬದಿಗೂ ತಳ್ಳಬೇಡಿ. ಮಿಶಿಗನ್ನಿನಲ್ಲಿ ಅದು ಕಾನೂನಿಗೆ ವಿರುದ್ಧ. ರಸ್ತೆಯಲ್ಲಿ ಬಿಟ್ಟ ಗೆಡ್ಡೆಗೆ ಇನ್ನೊಬ್ಬರ ಗಾಡಿ ಗುದ್ದಿಕೊಳ್ಳುತ್ತದೆ.

ಕೆಲಸ ಮುಗಿದ ಮೇಲೆ ಬ್ಲೇಡ್ ಬಿಚ್ಚಿ ಮನೆ ಪಕ್ಕ ಇಡಿ. ಸುಮ್ಮನೆ ಕಟ್ಟಿಕೊಂಡು ಪೇಟೆ ಸುತ್ತಿದರೆ ಆಕ್ಸಲ್ ಸವೆಯುತ್ತದೆ. ಎತ್ತಿದ ಬ್ಲೇಡ್ ರೇಡಿಯೇಟರಿಗೆ ಗಾಳಿ ತಡೆದು ಎಂಜಿನ್ ಬಿಸಿಯಾಗುವುದೂ ಉಂಟು.

ಈ ಚಳಿಗಾಲದಲ್ಲಿ ದಿನಾ ಬೆಳಗಿನ ಐದಕ್ಕೆ ನಮ್ಮಲ್ಲಿ ಒಬ್ಬರು ಏಳುತ್ತೇವೆ. ಮೊದಲು ಅಜ್ಜನ ಬಾಗಿಲಿನಿಂದ ರಸ್ತೆಯವರೆಗೆ, ಆಮೇಲೆ ನಮ್ಮದು. ಗಾಡಿಯ ದೀಪ ಕಿಟಕಿಗೆ ಬಿದ್ದಾಗ ಅಜ್ಜ ಪರದೆ ಸರಿಸಿ ಕೈ ಎತ್ತುತ್ತಾರೆ. ಅಜ್ಜಿ ಅವರ ಸಲಿಕೆಯನ್ನು ಬಚ್ಚಿಟ್ಟಿದ್ದಾರಂತೆ, ಎಲ್ಲಿ ಅಂತ ನಮಗೂ ಹೇಳಿಲ್ಲ. ಗುತ್ತಿಗೆಯ ಹುಡುಗ ಗಾಡಿ ರಿಪೇರಿ ಮಾಡಿಸಿಕೊಂಡ. ಒಂದು ಭಾನುವಾರ ಅವನನ್ನೂ ಕ್ವಾರಿಯ ವೇಬ್ರಿಡ್ಜ್‌ಗೆ ಕರೆದುಕೊಂಡು ಹೋದೆವು. ಚೀಟಿ ನೋಡಿ ತಲೆ ಕೆರೆದುಕೊಂಡ. ಎಂಟಡಿ ಬ್ಲೇಡನ್ನು ಮುಕ್ಕಾಲು ಟನ್ ಗಾಡಿ ಇರುವ ಒಬ್ಬರಿಗೆ ಮಾರಿ, ಈಗ ಹಗುರದ್ದು ಹಾಕಿಕೊಂಡಿದ್ದಾನೆ.

ನಮ್ಮೂರಲ್ಲಿ ಹಿಮ ಬೀಳುವುದಿಲ್ಲ. ಆದರೆ ಸಣ್ಣ ಟ್ರ್ಯಾಕ್ಟರಿಗೆ ದೊಡ್ಡ ರೋಟವೇಟರ್, ಪುಟ್ಟ ಗೂಡ್ಸ್ ಆಟೊಗೆ ಎರಡರಷ್ಟು ಲೋಡು ಹಾಕುವುದನ್ನು ನಾವೆಲ್ಲ ನೋಡಿದ್ದೇವೆ. ಹೊಸದೇನಾದರೂ ಕಟ್ಟಿಸುವ ಮೊದಲು ಗಾಡಿ ಎಷ್ಟು ಹೊರುತ್ತದೆ ಅಂತ ಆರ್‌ಸಿ ಕಾರ್ಡಿನಲ್ಲೋ ಕಂಪನಿಯ ಪುಸ್ತಕದಲ್ಲೋ ನೋಡಿ. ಆಮೇಲೆ ಒಂದು ಸಲ ವೇಬ್ರಿಡ್ಜ್‌ಗೆ ಹೋಗಿಬನ್ನಿ. ನಮಗೆ ಅರ್ಧ ಗಂಟೆ ಹಿಡಿಯಿತು, ಅಷ್ಟೇ.